ಇಂಜಿನ್ ಬಿಚ್ಚುವ ಮೊದಲು ದೋಣಿಯ ಮೂತಿ ನೋಡಿ

(ಕುಂಬಳೆ ಹತ್ತಿರದ ಕಡಲತೀರದ ವಾಚನಾಲಯವೊಂದರಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಅಲ್ಲಿ ಅರ್ಧ ತುಳು, ನಡುನಡುವೆ ಮಲಯಾಳಂ ಸೇರಿತ್ತು. ಬರೆಯುವಾಗ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ನಾನು ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹೊರಗಡೆ ಸಿಕ್ಕಿಸುವ ಇಂಜಿನ್, ರಿಪೇರಿ ಮಾಡುವವ. ಭಾಷಣ ಮಾಡುವವನಲ್ಲ. ಹಾಗಾಗಿ ನನ್ನ ಅಂಗಡಿಯಲ್ಲೇ ನಡೆದ ಒಂದು ಕಥೆಯಿಂದ ಶುರು ಮಾಡುತ್ತೇನೆ. ಅದೂ ನನ್ನ ಮರ್ಯಾದೆ ಹೋದ ಕಥೆ.

ಕೆಲವು ವರ್ಷಗಳ ಹಿಂದೆ ಒಬ್ಬರು ಇಂಜಿನ್ ತಂದರು. 9.9 ಎಚ್‌ಪಿ, ಸೀಮೆಎಣ್ಣೆಯಲ್ಲಿ ಓಡುವಂಥದ್ದು. ತೆರೆ ಇರುವ ಕಡೆ ಹೋದರೆ ಇಂಜಿನ್ ಒಮ್ಮೆಲೇ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಅಂತ ಅವರ ದೂರು. ಫ್ಯಾನ್, ಅಂದರೆ ನೀರಲ್ಲಿ ತಿರುಗಿ ದೋಣಿಯನ್ನು ತಳ್ಳುವ ರೆಕ್ಕೆ, ಅದರ ಒಳಗಿನ ರಬ್ಬರ್ ಬುಶ್ ಜಾರುತ್ತಿದೆ ಅಂದುಕೊಂಡೆ, ಯಾಕೆಂದರೆ ಬುಶ್ ಜಾರಿದರೂ ಹೀಗೇ ಆಗುತ್ತದೆ. ಬದಲಿಸಿದೆ, ದುಡ್ಡು ತಗೊಂಡೆ. ವಾರ ಕಳೆದು ಮತ್ತೆ ಬಂದರು. ಕಾರ್ಬರೇಟರ್ ಬಿಚ್ಚಿ ತೊಳೆದೆ. ಮತ್ತೆ ಬಂದರು. ಮೂರನೇ ಸಲ ಅವರ ಮುಖ ನೋಡಲಿಕ್ಕೆ ಆಗದೆ ನಾನೇ ಅವರ ದೋಣಿ ಹತ್ತಿದೆ.

ಹತ್ತಿದ ಕೂಡಲೇ ಗೊತ್ತಾಯಿತು. ದೋಣಿಯ ಮೂತಿಯಲ್ಲಿ ಒಂದು ಹೊಸ ಐಸ್ ಪೆಟ್ಟಿಗೆ ಕೂತಿತ್ತು. ಐಸ್ ತುಂಬಿದರೆ ನೂರು ಕಿಲೋ ಹತ್ತಿರ ಬರುವಂಥದ್ದು. ಅದರ ಪಕ್ಕದಲ್ಲಿ ಲಂಗರು, ಹಗ್ಗದ ಸುರುಳಿ, ಮೇಲೆ ಒಬ್ಬ ಹುಡುಗ. ಮೂತಿ ಮುಖ ತೊಳೆಯಲಿಕ್ಕೆ ಬಗ್ಗಿದ ಹಾಗೆ ಬಗ್ಗಿತ್ತು, ಹಿಂಬದಿ ಎದ್ದಿತ್ತು. ಒಂದೊಂದು ತೆರೆಗೂ ಫ್ಯಾನ್ ನೀರಿನ ಮೇಲ್ಭಾಗಕ್ಕೆ ಬಂದು ಗಾಳಿ ಎಳೆದುಕೊಳ್ಳುತ್ತಿತ್ತು. ಗಾಳಿಯಲ್ಲಿ ತಿರುಗುವ ಫ್ಯಾನ್‌ಗೆ ಹಿಡಿತ ಎಲ್ಲಿಂದ ಬರಬೇಕು? ಪೆಟ್ಟಿಗೆಯನ್ನು ನಾಲ್ಕಡಿ ಹಿಂದೆ ಎಳೆದೆವು. ಕಿರುಚಾಟ ನಿಂತಿತು.

ಬುಶ್‌ನ ದುಡ್ಡು ವಾಪಸ್ ಕೊಟ್ಟೆ. ಬಿಚ್ಚಿದ ಹಳೆಯ ಬುಶ್ ಚೆನ್ನಾಗಿಯೇ ಇತ್ತು, ಈಗಲೂ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದೆ. ಯಾರಾದರೂ "ಇಂಜಿನ್ ಸರಿ ಇಲ್ಲ" ಅಂತ ಬಂದರೆ ನಾನು ಮೊದಲು ಅದನ್ನು ನೋಡುತ್ತೇನೆ, ಆಮೇಲೆ "ದೋಣಿಯಲ್ಲಿ ಏನೇನು ಎಲ್ಲೆಲ್ಲಿ ಇಟ್ಟಿದ್ದೀರಿ?" ಅಂತ ಕೇಳುತ್ತೇನೆ. ನನ್ನಲ್ಲಿಗೆ ಬರುವ ಇಂಜಿನ್‌ಗಳಲ್ಲಿ ಸುಮಾರು ಇಂಜಿನ್‌ಗಳಿಗೆ ರೋಗವೇ ಇರುವುದಿಲ್ಲ. ರೋಗ ತೂಕ ಇಟ್ಟ ಜಾಗದಲ್ಲಿ. ಇವತ್ತು ನಾನು ಹೇಳುವುದು ಅಷ್ಟೇ.

(ಬುಶ್ ನಿಜವಾಗಿ ಜಾರುತ್ತಿದೆಯಾ ಅಂತ ನೋಡಲಿಕ್ಕೆ ಒಂದು ಸುಲಭದ ದಾರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಫ್ಯಾನ್‌ನ ನಡುವಿನ ಒಳಗಿನ ಕೊಳವೆಯಿಂದ ಹೊರಗಿನ ಭಾಗಕ್ಕೆ ಅಡ್ಡಲಾಗಿ ಪೈಂಟಿನ ಒಂದು ಗೆರೆ ಎಳೆಯಿರಿ. ಒಂದು ಸುತ್ತು ಓಡಿಸಿ ಬನ್ನಿ. ಗೆರೆ ತುಂಡಾಗಿ ಎರಡು ಕಡೆ ಆಗಿದ್ದರೆ ಬುಶ್ ಜಾರಿದೆ. ಗೆರೆ ನೆಟ್ಟಗೇ ಇದ್ದರೆ ನನ್ನ ಅಂಗಡಿಗೆ ಬರಬೇಡಿ.)

ಈಗ ಈ ಟಬ್ ನೋಡಿ. ನೀರಲ್ಲಿ ತೇಲುತ್ತಿರುವುದು ಅಡಿಕೆ ಹಾಳೆ. ಎರಡು ತುದಿ ಮಡಚಿ ಕಡ್ಡಿ ಚುಚ್ಚಿ ದೋಣಿ ಮಾಡಿದ್ದೇನೆ, ಚಿಕ್ಕಂದಿನಲ್ಲಿ ನಾವೆಲ್ಲ ತೋಡಿನಲ್ಲಿ ಬಿಡುತ್ತಿದ್ದೆವಲ್ಲ, ಅದೇ. ಇದು ಸುಲಿಯದ ಅಡಿಕೆ, ಒಟ್ಟು ಹತ್ತು. ಹತ್ತನ್ನೂ ನಡುವೆ ಇಟ್ಟೆ. ಹಾಳೆ ಸ್ವಲ್ಪ ಕೆಳಗೆ ಹೋಯಿತು, ಆದರೆ ಸಮವಾಗಿ ಹೋಯಿತು. ಈಗ ಎರಡೇ ಎರಡು ಅಡಿಕೆಯನ್ನು ತೆಗೆದು ಹಿಂದಿನ ತುದಿಗೆ ಇಡುತ್ತೇನೆ. ನೋಡಿ, ಎಷ್ಟು ಕೂತಿತು! ಒಟ್ಟು ತೂಕ ಒಂದು ಗುಂಜಿಯಷ್ಟೂ ಬದಲಾಗಿಲ್ಲ. ಜಾಗ ಬದಲಾಯಿತು, ಅಷ್ಟೇ.

ಇದನ್ನೇ ದೊಡ್ಡ ದೋಣಿಗೆ ಲೆಕ್ಕ ಹಾಕೋಣ. ನೀರಿನಲ್ಲಿ ಐದೂವರೆ ಮೀಟರ್ ಉದ್ದ, 1.4 ಮೀಟರ್ ಅಗಲ ಇರುವ ಒಂದು ಫೈಬರ್ ದೋಣಿ ಅಂತ ಇಟ್ಟುಕೊಳ್ಳಿ. ಆಳು, ಇಂಜಿನ್, ಬಲೆ, ಎಣ್ಣೆ ಎಲ್ಲ ಸೇರಿ 900 ಕಿಲೋ. ಒಂದು ಲೀಟರ್ ಸಮುದ್ರದ ನೀರಿಗೆ 1 ಕಿಲೋ 25 ಗ್ರಾಂ ತೂಕ. ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಅಷ್ಟೇ ತೂಕವನ್ನು ಅದು ಹೊರುತ್ತದೆ, ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್. ಇಂಥ ದೋಣಿ 1 ಸೆಂಟಿಮೀಟರ್ ಕೆಳಗೆ ಹೋಗಬೇಕಾದರೆ ಸುಮಾರು 55 ಕಿಲೋ ಬೇಕು. ಅಂದರೆ ಒಬ್ಬ ಮನುಷ್ಯ ಹತ್ತಿ ನಡುವೆ ಕೂತರೆ ದೋಣಿ ಒಂದು ಬೆರಳಿನ ಅಗಲದಷ್ಟೂ ಇಳಿಯುವುದಿಲ್ಲ. ಆದರೆ ಅದೇ 65 ಕಿಲೋದ ಮನುಷ್ಯ ನಡುವಿನಿಂದ ಎದ್ದು 2 ಮೀಟರ್ ಮುಂದೆ ಹೋಗಿ ಕೂತರೆ ಮೂತಿ ಸುಮಾರು 3 ಸೆಂಟಿಮೀಟರ್ ಇಳಿಯುತ್ತದೆ, ಹಿಂಬದಿ ಅಷ್ಟೇ ಏಳುತ್ತದೆ. ಎರಡು ತುದಿಗೆ 6 ಸೆಂಟಿಮೀಟರ್ ವ್ಯತ್ಯಾಸ. ದೋಣಿಯ ಆಕಾರ ನೋಡಿ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ಆದರೆ ಅಂದಾಜು ಇದೇ.

ತೂಕ ಮತ್ತು ದೂರ ಗುಣಿಸಬೇಕು, ಅದೇ ಇದರ ಗುಟ್ಟು. ಇಂಜಿನ್‌ಗೆ 40 ಕಿಲೋ, ನಡುವಿನಿಂದ ಎರಡೂವರೆ ಮೀಟರ್ ಹಿಂದೆ. 40ನ್ನು ಎರಡೂವರೆಯಿಂದ ಗುಣಿಸಿದರೆ 100. ಅದನ್ನು ಸರಿದೂಗಿಸಲಿಕ್ಕೆ 50 ಕಿಲೋದ ಬಲೆಯನ್ನು ನಡುವಿನಿಂದ 2 ಮೀಟರ್ ಮುಂದೆ ಇಟ್ಟರೆ ಅದೂ 100. ಚಿಕ್ಕ ಮಕ್ಕಳ ಏರಿಳಿತದ ಹಲಗೆ ಆಟ ಇದು, ಅಲ್ವಾ? ಆದರೆ ಹಿಂದೆ ಇಂಜಿನ್ ಒಂದೇ ಇರುವುದಿಲ್ಲ. ಇಂಜಿನ್ ಹಿಡಿಯುವವನೂ ಹಿಂದೆ, ಎಣ್ಣೆಯ ಕ್ಯಾನೂ ಹಿಂದೆ, ಪೈಪ್ ಮೋಟು ಅಂತ. ಒಂದು ಲೀಟರ್ ಸೀಮೆಎಣ್ಣೆಗೆ ಸುಮಾರು 800 ಗ್ರಾಂ. 35 ಲೀಟರಿನ ಎರಡು ಕ್ಯಾನ್ ಇಟ್ಟರೆ 56 ಕಿಲೋ, ಇನ್ನೊಂದು ಆಳು ಹಿಂದೆ ಕೂತ ಹಾಗೆ. ಎಣ್ಣೆಯ ಪೈಪನ್ನು ಒಂದೂವರೆ ಮೀಟರ್ ಉದ್ದ ಮಾಡಿಸಿ ಕ್ಯಾನನ್ನು ನಡುವಿಗೆ ತನ್ನಿ ಅಂದರೆ ಜನ ನನ್ನನ್ನು ಪೈಪ್ ಮಾರುವವ ಅಂದುಕೊಳ್ಳುತ್ತಾರೆ.

ಹಿರಿಯರಿಗೆ ನೆನಪಿರಬಹುದು. ಹುಟ್ಟು ಹಾಕುವ ಕಾಲದ ದೋಣಿಗೆ ಎರಡೂ ತುದಿ ಚೂಪು. ಕಾಞಂಗಾಡು ಕಡೆಯವರು ಮುಂದಿನದಕ್ಕೆ ಅಣಿಯಂ, ಹಿಂದಿನದಕ್ಕೆ ಅಮರಂ ಅನ್ನುತ್ತಾರೆ. ಹೆಸರು ಬೇರೆ ಇದ್ದರೂ ಆಕಾರ ಹೆಚ್ಚುಕಡಿಮೆ ಒಂದೇ. ಆಳುಗಳು ಉದ್ದಕ್ಕೂ ಕೂರುತ್ತಿದ್ದರು, ತೂಕ ತಾನಾಗಿಯೇ ಹಂಚಿಹೋಗುತ್ತಿತ್ತು. 1980ರ ದಶಕದಲ್ಲಿ ಔಟ್‌ಬೋರ್ಡ್ ಇಂಜಿನ್ ಜೋರಾಗಿ ಬಂತು. ಚೂಪಾದ ತುದಿಗೆ ಹೊಟ್ಟೆಯೇ ಇಲ್ಲ, ಅದು ಜಾಸ್ತಿ ನೀರನ್ನು ತಳ್ಳಲಾರದು, ಹಾಗಾಗಿ ಜಾಸ್ತಿ ತೂಕವನ್ನೂ ಹೊರಲಾರದು. ಅಲ್ಲಿಗೆ ಹೋಗಿ ನಾವು ಕಬ್ಬಿಣ ನೇತುಹಾಕಿದೆವು. ಕೆಲವರು ಹಿಂಬದಿಯನ್ನು ಕೊಯ್ದು ಹಲಗೆ ಬಡಿದರು. ಇನ್ನು ಕೆಲವರು ಬದಿಗೆ ಅಡ್ಡಹಲಗೆ ಕಟ್ಟಿ ಅದಕ್ಕೆ ಇಂಜಿನ್ ಸಿಕ್ಕಿಸಿದರು. ಬದಿಗೆ ಕಟ್ಟಿದರೆ ದೋಣಿ ಆ ಬದಿಗೆ ವಾಲುತ್ತದೆ, ಮೂತಿ ಯಾವಾಗಲೂ ಇನ್ನೊಂದು ಬದಿಗೆ ತಿರುಗಲಿಕ್ಕೆ ನೋಡುತ್ತದೆ. ದಿನವಿಡೀ ಅದನ್ನು ಎಳೆದು ಹಿಡಿದು ಹಿಡಿದು ಮಾವನ ಬಲ ಭುಜ ಎಡಕ್ಕಿಂತ ದಪ್ಪ ಆಗಿತ್ತು ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಇನ್ನು ತಲೆಕೆಳಗಾದ ದಿನದ ಕಥೆ.

ನನಗೆ ಆಗ ಹತ್ತೊಂಬತ್ತು. ಮಾವನ ಜೊತೆ ಹೋಗಿದ್ದೆ, ನಾವು ಮೂವರು. ಬೂತಾಯಿ ಚೆನ್ನಾಗಿ ಸಿಕ್ಕಿತು. ಹಿಂದೆ ಇಂಜಿನ್, ಕ್ಯಾನ್, ಒದ್ದೆ ಬಲೆ ಇದ್ದದ್ದರಿಂದ ಮೀನನ್ನೆಲ್ಲ ಮುಂದೆ ಸುರಿದೆವು. ಬುಟ್ಟಿಗೆ ಹಾಕಲಿಕ್ಕೂ ಪುರುಸೊತ್ತಿಲ್ಲ, ಸುಮ್ನೆ ರಾಶಿ. ಬರುವಾಗ ಮೂತಿ ಸ್ವಲ್ಪ ಬಗ್ಗಿತ್ತು. ಹೊರಗೆ ಸಮುದ್ರದಲ್ಲಿ ಅದರಿಂದ ಏನೂ ತೊಂದರೆ ಆಗಲಿಲ್ಲ, ನಾನಂತೂ ಗಮನಿಸಲೂ ಇಲ್ಲ. ಶಿರಿಯದ ಅಳಿವೆಗೆ ಬಂದಾಗ ನೀರು ಇಳಿಯುತ್ತಿತ್ತು. ಹೊಳೆಯ ನೀರು ಹೊರಗೆ ಬರುತ್ತದೆ, ತೆರೆ ಒಳಗೆ ಹೋಗುತ್ತದೆ, ಎರಡೂ ಎದುರಾದ ಕಡೆ ತೆರೆ ಗೋಡೆಯ ಹಾಗೆ ಕಡಿದಾಗಿ ಏಳುತ್ತದೆ. ಮೊದಲನೆಯದು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹಿಂದಿನಿಂದ ಬಂದು ನಮ್ಮ ಹಿಂಬದಿಯನ್ನು ಎತ್ತಿತು. ಭಾರವಾದ ಮೂತಿ ಮುಂದಿನ ನೀರಿಗೆ ಚುಚ್ಚಿಕೊಂಡು ಅಲ್ಲೇ ನಿಂತಿತು. ಮೂತಿ ನಿಂತರೂ ಹಿಂಬದಿ ನಿಲ್ಲಲಿಲ್ಲ. ಅದು ಬಾಗಿಲಿನ ಹಾಗೆ ತಿರುಗಿತು, ದೋಣಿ ತೆರೆಗೆ ಅಡ್ಡ ಬಿತ್ತು, ರಾಶಿ ಹಾಕಿದ ಬೂತಾಯಿ ಎಲ್ಲ ಒಮ್ಮೆಲೇ ಒಂದು ಬದಿಗೆ ಜಾರಿತು, ಮತ್ತೆ ನಾವು ನೀರಲ್ಲಿದ್ದೆವು.

ಮೂವರೂ ಬದುಕಿದೆವು. ಎದೆಮಟ್ಟದ ನೀರು, ಮರಳಿನ ದಿಬ್ಬ ಹತ್ತಿರ ಇತ್ತು, ಪುಣ್ಯ. ಇಂಜಿನ್ ಉಪ್ಪುನೀರು ಕುಡಿಯಿತು. ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೂರಿಸುವುದನ್ನು ನೋಡುತ್ತಾ ಕೂತದ್ದೇ ನನ್ನ ಮೊದಲ ಪಾಠ, ಈ ಕಸುಬಿಗೆ ಬಂದದ್ದೂ ಅದರಿಂದಲೇ. ಮಾವ ಮಾತ್ರ ಇಂಜಿನ್‌ಗೆ ಬೈಯುತ್ತಲೇ ಇದ್ದರು. "ಸರಿಯಾದ ಹೊತ್ತಿಗೆ ಎಳೆಯಲಿಲ್ಲ" ಅಂತ. ಎಳೆಯಲಿಲ್ಲ ನಿಜ. ಫ್ಯಾನ್ ಗಾಳಿಯಲ್ಲಿತ್ತು.

ಹಾಗಾಗಿ ಅಳಿವೆಯಲ್ಲಿ ಒಳಗೆ ಬರುವಾಗ ತೂಕ ನಡುವಿನಿಂದ ಸ್ವಲ್ಪ ಹಿಂದೆ ಇರಬೇಕು, ಮೂತಿ ಹಗುರ ಇರಬೇಕು. ತೆರೆಯ ಬೆನ್ನಿನ ಮೇಲೆ ಕೂತು ಅದರ ವೇಗಕ್ಕೇ ಬರಬೇಕು, ಅದರ ನೆತ್ತಿ ದಾಟಿ ಮುಂದೆ ಇಳಿಯಬಾರದು. ಹೊರಗೆ ಹೋಗುವಾಗ ಲೆಕ್ಕ ಬೇರೆ. ಮೂತಿ ತೀರಾ ಹಗುರ ಇದ್ದರೆ ಎದುರಿನ ತೆರೆ ಅದನ್ನು ಆಕಾಶಕ್ಕೆ ಎತ್ತುತ್ತದೆ, ಗಾಳಿ ಜೋರಿದ್ದರೆ ಹಿಂದಕ್ಕೇ ಮಗುಚಬಹುದು. ತೀರಾ ಭಾರ ಇದ್ದರೆ ತೆರೆಯನ್ನು ಹತ್ತದೆ ಅದರೊಳಗೇ ನುಗ್ಗುತ್ತದೆ. ಹೋಗುವಾಗ ಒಬ್ಬ ಆಳು ನಡುವಿನಿಂದ ಸ್ವಲ್ಪ ಮುಂದೆ ಕೂರಲಿ, ತೀರಾ ಮೂತಿಯಲ್ಲಿ ಬೇಡ. ಬರುವಾಗ ಅವನೇ ಹಿಂದೆ ಬರಲಿ. ದೋಣಿಯಲ್ಲಿ ಹೇಳಿದ ಕೂಡಲೇ ಜಾಗ ಬದಲಿಸುವ ತೂಕ ಅಂದರೆ ಮನುಷ್ಯ ಒಬ್ಬನೇ.

ಹಿಂಬದಿ ಭಾರ ಆದರೆ ಇಷ್ಟು ಗಾಬರಿ ಆಗುವುದಿಲ್ಲ, ನಿಧಾನವಾಗಿ ಜೇಬು ಕೊಯ್ಯುತ್ತದೆ. ಮೂತಿ ಎತ್ತಿಕೊಂಡು ಓಡುತ್ತದೆ, ಎದುರಿಗೆ ಏನಿದೆ ಅಂತ ಕಾಣುವುದಿಲ್ಲ. ಇಂಜಿನ್ ಯಾವಾಗಲೂ ಗುಡ್ಡ ಹತ್ತುತ್ತಿರುವ ಹಾಗೆ ಮುಕ್ಕರಿಯುತ್ತದೆ. ಪೂರ್ತಿ ತಿರುಗಿಸಿದರೂ ಅದರ ಸುತ್ತು ಬರುವುದಿಲ್ಲ. ಸೀಮೆಎಣ್ಣೆ ಸರಿಯಾಗಿ ಉರಿಯದೆ ಪ್ಲಗ್ ಕಪ್ಪಾಗುತ್ತದೆ, ನೀವು ಪ್ಲಗ್ ಬದಲಿಸುತ್ತೀರಿ, ಮತ್ತೆ ಕಪ್ಪಾಗುತ್ತದೆ. ವೇಗ ಕಡಿಮೆ ಮಾಡಿ ಬಲೆ ಎಳೆಯುವಾಗ ಹಿಂದಿನಿಂದ ಬಂದ ತೆರೆ ಇಂಜಿನ್ ಕೂತ ಹಲಗೆ ದಾಟಿ ಒಳಗೆ ಬರುತ್ತದೆ. ಹಗುರದ ದೋಣಿ ಜೋರಾಗಿ ಓಡುವಾಗ ಮೂತಿ ಏಳುವುದು ಬೀಳುವುದು, ಏಳುವುದು ಬೀಳುವುದು ಮಾಡುತ್ತದಲ್ಲ, ಅದೂ ಹೆಚ್ಚಾಗಿ ಇದರಿಂದಲೇ. ಒಬ್ಬನನ್ನು ಮುಂದೆ ಕೂರಿಸಿ ನೋಡಿ, ಬಹುಪಾಲು ನಿಲ್ಲುತ್ತದೆ.

ಇಂಜಿನಿನ ಪಿನ್ ಬಗ್ಗೆ ಎರಡು ಮಾತು. ಹಲಗೆಗೆ ಸಿಕ್ಕಿಸುವ ಬ್ರಾಕೆಟ್‌ನಲ್ಲಿ ನಾಲ್ಕೈದು ತೂತು, ಅದರಲ್ಲಿ ಅಡ್ಡಕ್ಕೆ ಒಂದು ಪಿನ್ ಇರುತ್ತದೆ. ಇಂಜಿನ್ ಯಾವ ಕೋನದಲ್ಲಿ ನಿಲ್ಲಬೇಕು ಅಂತ ಹೇಳುವುದು ಅದೇ, ಅದಕ್ಕೇ ಟ್ರಿಮ್ ಅನ್ನುವುದು. ಪಿನ್ ಹಲಗೆಯ ಹತ್ತಿರದ ತೂತಿನಲ್ಲಿದ್ದರೆ ಮೂತಿ ಕೆಳಗೆ, ದೂರದ ತೂತಿನಲ್ಲಿದ್ದರೆ ಮೂತಿ ಮೇಲೆ. ದೋಣಿ ಓಡುವಾಗ ಫ್ಯಾನ್‌ನ ಮೇಲಿರುವ ಅಗಲದ ಪ್ಲೇಟ್ ಓರೆಯಾಗದೆ ನೀರಿಗೆ ಸಮಾನಾಂತರವಾಗಿರಬೇಕು. ಆ ಪ್ಲೇಟ್ ದೋಣಿಯ ಅಡಿಯ ಮಟ್ಟಕ್ಕೆ, ಅಥವಾ ಒಂದು ಇಂಚಿನಷ್ಟು ಕೆಳಗೆ ಬರಬೇಕು. ಸಣ್ಣ ಇಂಜಿನ್‌ಗಳು ಎರಡು ಉದ್ದದಲ್ಲಿ ಬರುತ್ತವೆ, 15 ಇಂಚಿನ ಹಲಗೆಗೆ ಒಂದು, 20 ಇಂಚಿನದಕ್ಕೆ ಇನ್ನೊಂದು. ಕಡಿಮೆಗೆ ಸಿಕ್ಕಿತು ಅಂತ ಹಳೆಯ ಇಂಜಿನ್ ತರುವವರು ಇದನ್ನೊಂದು ಅಳೆದು ತನ್ನಿ. ತೂಕ ತಪ್ಪಿಟ್ಟು ಪಿನ್‌ನಲ್ಲಿ ಸರಿ ಮಾಡುತ್ತೇನೆ ಅಂದರೆ ಆಗುತ್ತದೆ, ಆದರೆ ಅರ್ಧಂಬರ್ಧ. ಆಗ ಫ್ಯಾನ್ ಸ್ವಲ್ಪ ಶಕ್ತಿಯನ್ನು ದೋಣಿ ಮುಂದೆ ತಳ್ಳಲಿಕ್ಕೂ, ಇನ್ನು ಸ್ವಲ್ಪವನ್ನು ಹಿಂಬದಿಯನ್ನು ಎತ್ತಲಿಕ್ಕೋ ಒತ್ತಲಿಕ್ಕೋ ಖರ್ಚು ಮಾಡುತ್ತದೆ. ಆ ಖರ್ಚು ನಿಮ್ಮ ಕ್ಯಾನ್‌ನಿಂದ ಹೋಗುತ್ತದೆ.

ಇದುವರೆಗೆ ಉದ್ದದ ಮಾತಾಯಿತು. ಅಡ್ಡದ್ದು ಬೇರೆ, ಜೀವ ಹೋಗುವುದು ಹೆಚ್ಚಾಗಿ ಅಲ್ಲೇ.

ಅದೇ 900 ಕಿಲೋದ ದೋಣಿ. ಒಬ್ಬ ನಡುವಿನಿಂದ ಎದ್ದು ಅರ್ಧ ಮೀಟರ್ ಬದಿಗೆ ಕೂತರೆ ದೋಣಿ ಸುಮಾರು 4 ಡಿಗ್ರಿ ವಾಲುತ್ತದೆ, ಆ ಬದಿಯ ಅಂಚು 5 ಸೆಂಟಿಮೀಟರ್ ಇಳಿಯುತ್ತದೆ. ಮೂವರೂ ಒಂದೇ ಬದಿಗೆ ಹೋಗಿ ಬಲೆ ಎಳೆದರೆ 15 ಸೆಂಟಿಮೀಟರ್. ತುಂಬಿದ ದೋಣಿಯಲ್ಲಿ ಅಂಚಿನಿಂದ ನೀರಿಗೆ ಎಷ್ಟು ಉಳಿದಿರುತ್ತದೆ? ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಇನ್ನೂ ತೆರೆ ಬಂದಿಲ್ಲ. ಬಲೆಯ ಭಾರವನ್ನೂ ಸೇರಿಸಿಲ್ಲ. ನೀರೊಳಗೆ ಇರುವಷ್ಟು ಹೊತ್ತು ನೈಲಾನ್ ಬಲೆ ಹಗುರ. ಅಂಚಿನ ಮೇಲೆ ಬಂದ ಕೂಡಲೇ ಮೀನು, ಸೀಸದ ಗುಂಡು, ಹಿಡಿದುಕೊಂಡ ನೀರು ಎಲ್ಲದರ ತೂಕ ಆ ಅಂಚಿನ ಮೇಲೆಯೇ ಬೀಳುತ್ತದೆ. ಅಂಚಿನಲ್ಲಿ ಇನ್ನೊಬ್ಬ ಕೂತ ಹಾಗೆ. ಇಬ್ಬರು ಎಳೆದರೆ ಮೂರನೆಯವ ಎದುರು ಬದಿಯಲ್ಲಿ ಕೂರಬೇಕು ಅನ್ನುವುದು ಸೋಮಾರಿತನಕ್ಕೆ ಹೇಳಿದ್ದಲ್ಲ.

ನಿಂತುಕೊಳ್ಳುವುದು ಇನ್ನೊಂದು. ಕೂತವ ಎದ್ದು ನಿಂತರೆ ಅವನ ತೂಕ ಅರ್ಧ ಮೀಟರ್‌ನಷ್ಟು ಮೇಲೆ ಹೋಗುತ್ತದೆ. ಮೂವರೂ ನಿಂತರೆ ದೋಣಿ ನೆಟ್ಟಗೆ ನಿಲ್ಲುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆ ಆಗುತ್ತದೆ. ದೊಡ್ಡ ಮೀನು ಸಿಕ್ಕಿತು ಅಂತ ಎಲ್ಲರೂ ಎದ್ದು ಒಂದೇ ಬದಿಗೆ ಬಗ್ಗುತ್ತಾರಲ್ಲ, ಆಗಲೇ ಅಂಜಲ್ ನೀರಿಗೆ ವಾಪಸ್ ಹೋಗುವುದು, ಜೊತೆಗೆ ಇವರೂ.

ಇದಕ್ಕಿಂತ ಮೋಸದ್ದು ದೋಣಿಯೊಳಗಿನ ನೀರು. ಅಡಿಯಲ್ಲಿ 5 ಸೆಂಟಿಮೀಟರ್ ನೀರು ಇದ್ದರೆ "ಕಾಲು ಒದ್ದೆ ಆಗುವಷ್ಟು" ಅನ್ನುತ್ತೇವೆ. 4 ಚದರ ಮೀಟರ್ ಜಾಗಕ್ಕೆ ಅದು 200 ಲೀಟರ್, ಅಂದರೆ 200 ಕಿಲೋ. ತೂಕ ಹೋಗಲಿ, ಅದು ಓಡಾಡುತ್ತದೆ. ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡಿ ಇನ್ನೂ ವಾಲಿಸುತ್ತದೆ. ಇಲ್ಲಿ ನೋಡಿ, ಹಾಳೆಗೆ ಒಂದು ಲೋಟ ನೀರು ಹಾಕುತ್ತೇನೆ. ಬೆರಳಲ್ಲಿ ಮುಟ್ಟಿದೆ ಅಷ್ಟೇ. ಮಗುಚಿತು. ಅಡಿಕೆ ಇಟ್ಟಾಗ ಹೀಗೆ ಆಗಲಿಲ್ಲ. ಈಗ ಇನ್ನೊಂದು ಹಾಳೆ, ಇದಕ್ಕೆ ನಡುವೆ ಉದ್ದಕ್ಕೆ ಒಂದು ರಟ್ಟು ಅಂಟಿಸಿದ್ದೇನೆ. ಎರಡೂ ಬದಿಗೆ ಅರ್ಧರ್ಧ ಲೋಟ. ಮುಟ್ಟಿದರೂ ನಿಂತಿದೆ. ಉದ್ದಕ್ಕೆ ನಡುವೆ ಒಂದೇ ಹಲಗೆ ಹಾಕಿದರೆ ನೀರಿನ ಈ ಕಾಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅರ್ಧಕ್ಕಲ್ಲ, ಕಾಲಿಗೆ. ರಾಶಿ ಹಾಕಿದ ಬೂತಾಯಿಯೂ ನೀರಿನ ಹಾಗೆಯೇ ಹರಿಯುತ್ತದೆ, ಅದಕ್ಕೂ ಇದೇ ಲೆಕ್ಕ. ನಾನು ಹತ್ತೊಂಬತ್ತರಲ್ಲಿ ಕಲಿಯಬೇಕಾದ ಪಾಠ ಇದು. ಬುಟ್ಟಿಗೆ, ಕ್ರೇಟ್‌ಗೆ ಹಾಕಿ ಇಡಿ, ಅಥವಾ ಅಡ್ಡಹಲಗೆ ಹಾಕಿ. ನೀರು ಮೊಗೆಯುವ ಡಬ್ಬಿ ಕೈಗೆ ಸಿಗುವ ಜಾಗದಲ್ಲಿರಲಿ, ಬಲೆಯ ಅಡಿಯಲ್ಲಿ ಅಲ್ಲ.

ಸ್ವೀಡನ್ ದೇಶದಲ್ಲಿ ವಾಸಾ ಅಂತ ಒಂದು ಯುದ್ಧದ ಹಡಗು ಕಟ್ಟಿದರು. ಪ್ರಯಾಣ ಹೊರಡುವ ಮುಂಚೆ, ದಡದಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ, 30 ಜನರನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷೆ ಮಾಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಅಷ್ಟು ತೂಗಿತು ಅಂದರೆ, ಇನ್ನು ಓಡಿದರೆ ಇಲ್ಲೇ ಮಗುಚುತ್ತದೆ ಅಂತ ನಿಲ್ಲಿಸಿದರು. ನಿಲ್ಲಿಸಿದ್ದು ಓಟವನ್ನು ಮಾತ್ರ, ಹಡಗನ್ನಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಹೊರಟು ಒಂದೂವರೆ ಕಿಲೋಮೀಟರ್ ಕೂಡ ಹೋಗದೆ ಮುಳುಗಿತು. ಮೇಲ್ಭಾಗದ ತೂಕ ಜಾಸ್ತಿ, ಅಡಿಯಲ್ಲಿ ಅದನ್ನು ಹಿಡಿಯುವಷ್ಟು ಭಾರ ಇರಲಿಲ್ಲ. ರಾಜನ ಹಡಗಿಗೇ ಹೀಗಾದರೆ ನಮ್ಮದೇನು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದೇ ಪರೀಕ್ಷೆಯನ್ನು ನೀವು ಹೊಳೆಯಲ್ಲಿ ಮಾಡಬಹುದು. ದೋಣಿ ತುಂಬಿದ ಮೇಲೆ, ನಿಂತ ನೀರಿನಲ್ಲಿ ಅಂಚನ್ನು ಒಮ್ಮೆ ಒತ್ತಿ ಬಿಡಿ. ಪಟಪಟ ಅಂತ ಬೇಗ ಬೇಗ ತೂಗಿ ನಿಂತರೆ ದೋಣಿ ಗಟ್ಟಿ ಇದೆ. ತೊಟ್ಟಿಲಿನ ಹಾಗೆ ನಿಧಾನಕ್ಕೆ ಹೋಗಿ ನಿಧಾನಕ್ಕೆ ಬಂದರೆ ಹೊರಡಬೇಡಿ, ತೂಕವನ್ನು ಕೆಳಗೆ ಇಳಿಸಿ. ಕೂತವರಿಗೆ ಹಿತ ಅನ್ನಿಸುವುದು ನಿಧಾನದ್ದೇ. ಹೆದರಬೇಕಾದದ್ದೂ ಅದಕ್ಕೇ.

ಇನ್ನೊಂದು ಉಪಾಯ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲಿಕ್ಕೆ ನೀರು ತುಂಬಿದ ಪಾರದರ್ಶಕ ಪೈಪ್ ಇಟ್ಟುಕೊಂಡಿರುತ್ತಾರಲ್ಲ, ಅದನ್ನು ಒಂದು ದಿನ ಕೇಳಿ ತನ್ನಿ. ಖಾಲಿ ದೋಣಿ ಹೊಳೆಯಲ್ಲಿ ಸರಿಯಾಗಿ ಕೂತಿದ್ದಾಗ ಪೈಪಿನ ಒಂದು ತುದಿ ಮುಂದೆ, ಇನ್ನೊಂದು ಹಿಂದೆ ಹಿಡಿದು ನೀರಿನ ಮಟ್ಟಕ್ಕೆ ಒಳಗಡೆ ಎರಡು ಗುರುತು ಹಾಕಿ. ತುಂಬಿದ ಮೇಲೆ ಮತ್ತೆ ಹಿಡಿದು ನೋಡಿದರೆ ಮೂತಿ ಎಷ್ಟು ಇಳಿದಿದೆ ಅಂತ ಬೆರಳಲ್ಲಿ ಅಳೆದು ಹೇಳಬಹುದು. ಹೊರಗಡೆ ನಾಲ್ಕು ಮೂಲೆಗೆ ಪೈಂಟಿನ ಗೆರೆ ಹಾಕಿದರೆ ದಡದಲ್ಲಿ ನಿಂತವರಿಗೂ ಕಾಣುತ್ತದೆ. ನಿಮಗಿಂತ ಮೊದಲು ಅವರೇ ಕೂಗಿ ಹೇಳುತ್ತಾರೆ, ನಮ್ಮ ಊರಲ್ಲಿ ಅದಕ್ಕೇನೂ ಕೊರತೆ ಇಲ್ಲ.

ಆಮೇಲೆ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ಕೇಳಿದರು: "ಈ ಗುಣಾಕಾರ ಎಲ್ಲ ಇಲ್ಲದೆ ನಾವು ಐವತ್ತು ವರ್ಷ ಮೀನು ಹಿಡಿಯಲಿಲ್ವಾ?" ಹಿಡಿದಿದ್ದೀರಿ ಅಜ್ಜ. ನೀವು ಕಾಲಿನ ಅಡಿಯಲ್ಲೇ ಲೆಕ್ಕ ಹಾಕುತ್ತಿದ್ದಿರಿ. ಹುಟ್ಟು ಹಾಕುವವನಿಗೆ ದೋಣಿ ಒಂದು ಬೆರಳು ಬಗ್ಗಿದರೂ ರಟ್ಟೆಗೆ ಗೊತ್ತಾಗುತ್ತಿತ್ತು, ಹತ್ತು ಹುಟ್ಟು ಹಾಕುವಷ್ಟರಲ್ಲಿ "ಏ, ಹಿಂದೆ ಬಾ" ಅಂತ ಒಬ್ಬನನ್ನು ಕರೆಯುತ್ತಿದ್ದ. ಇಂಜಿನ್ ಬಂದ ಮೇಲೆ ರಟ್ಟೆಗೆ ಏನೂ ಗೊತ್ತಾಗುವುದಿಲ್ಲ, ತಿಂಗಳ ಕೊನೆಗೆ ಎಣ್ಣೆಯ ಬಿಲ್‌ಗೆ ಗೊತ್ತಾಗುತ್ತದೆ. ಅಜ್ಜ ತಲೆ ಆಡಿಸಿದರು, ಒಪ್ಪಿದರೋ ಇಲ್ಲವೋ ಹೇಳಲಾರೆ.

ಮೀನು ಮಾರುವ ಒಬ್ಬ ಅಕ್ಕ ಎದ್ದು ಹೇಳಿದರು: "ನಾವು 25 ಕಿಲೋ ಬುಟ್ಟಿ ತಲೆ ಮೇಲೆ ಇಟ್ಟು ಓಡುತ್ತೇವೆ, ಮಗುಚುವುದಿಲ್ಲ. ತೂಕ ಮೇಲೆ ಇರಬಾರದು ಅಂತೀರಲ್ಲ?" ಎಲ್ಲರೂ ನಕ್ಕರು, ಆದರೆ ಆ ಸಂಜೆ ಬಂದ ಪ್ರಶ್ನೆಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಅಕ್ಕಾ, ಬುಟ್ಟಿ ಬಲಕ್ಕೆ ವಾಲುವ ಮೊದಲೇ ನಿಮ್ಮ ಕಾಲು ಬಲಕ್ಕೆ ಹೋಗಿರುತ್ತದೆ. ಅದು ನಿಮಗೇ ಗೊತ್ತಾಗುವುದಿಲ್ಲ. ದೋಣಿಗೆ ಹಾಗೆ ಎತ್ತಿಡಲಿಕ್ಕೆ ಕಾಲಿಲ್ಲ. ಅದಕ್ಕೆ ಇರುವುದು ಅಗಲ ಮಾತ್ರ, ನಿಲ್ಲುವುದು ಅದರ ಮೇಲೆ. ಉಳಿದದ್ದೆಲ್ಲ ಹಾಗೇ ಇಟ್ಟು ಅಗಲ ಹತ್ತರಲ್ಲಿ ಒಂದು ಭಾಗ ಹೆಚ್ಚು ಮಾಡಿದರೆ, ಆ ಅಗಲದಿಂದ ಬರುವ ಆಸರೆ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಹೊಸ ದೋಣಿ ಮಾಡಿಸುವವರು ಉದ್ದಕ್ಕೆ ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಿ.

ಒಬ್ಬ ಹುಡುಗ: "ಅಣ್ಣ, 25 ಎಚ್‌ಪಿ ಹಾಕಿದರೆ ಈ ತಾಪತ್ರಯವೇ ಇಲ್ಲ ಅಲ್ವಾ?" ಇದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ನೀರಿನಲ್ಲಿ 20 ಅಡಿ ಉದ್ದ ಇದ್ದರೆ ಸುಮಾರು 6 ನಾಟ್, ಗಂಟೆಗೆ 11 ಕಿಲೋಮೀಟರ್. ಅದರ ಮೇಲೆ ಎಷ್ಟು ತಿರುಗಿಸಿದರೂ ದೋಣಿ ತಾನೇ ಎಬ್ಬಿಸಿದ ತೆರೆಯನ್ನು ಹತ್ತುತ್ತಾ ಹಿಂದೆ ಕೂರುತ್ತದೆ. ಚಪ್ಪಟೆ ಅಡಿಯ ಹಗುರದ ಫೈಬರ್ ದೋಣಿ ಇದನ್ನು ಮೀರಿ ನೀರಿನ ಮೇಲೆ ಜಾರಬಲ್ಲದು, ಆದರೆ ಖಾಲಿ ಇದ್ದಾಗ. ಬಲೆ, ಮೀನು, ನಾಲ್ಕು ಆಳು ತುಂಬಿದ ಮೇಲೆ ಆ ಮಾತು ಬಿಡಿ. ದೊಡ್ಡ ಇಂಜಿನ್ ಹಿಂಬದಿಗೆ ಇನ್ನೂ ಹತ್ತು ಹದಿನೈದು ಕಿಲೋ ಸೇರಿಸುತ್ತದೆ, ಅದಕ್ಕೆ ಬೇಕಾದ ಎಣ್ಣೆ ಬೇರೆ. ಮತ್ತೆ ತಲಪಾಡಿ ಆಚೆ, ಕರ್ನಾಟಕದಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ಒಳಗಿನ ಇಂಜಿನ್‌ಗೆ ಮಾತ್ರ ವಿನಾಯಿತಿ, ಅದನ್ನೂ ಗಡಿಯಲ್ಲಿರುವವರು ಮರೆಯುವ ಹಾಗಿಲ್ಲ.

ಹಿಂದಿನಿಂದ ಒಬ್ಬರು, ಅವರ ಕೈಯಲ್ಲಿ ಎಣ್ಣೆಯ ಕಲೆ ಈಗಲೂ ಇತ್ತು, ಮಲಯಾಳಂನಲ್ಲಿ ಕೇಳಿದರು: ಕ್ಯಾನ್ ಎರಡಿದೆ, ಒಂದು ಹಿಂದೆ ಒಂದು ಮುಂದೆ, ಮೊದಲು ಯಾವುದನ್ನು ಖಾಲಿ ಮಾಡಬೇಕು? ಹೋಗುವಾಗ ಮುಂದಿನದ್ದನ್ನು ಖಾಲಿ ಮಾಡಿ, ಚೇಟಾ. ಬರುವಾಗ ಮುಂದೆ ಮೀನು ಬಂದಿರುತ್ತದೆ, ಅಳಿವೆಯಲ್ಲಿ ನಿಮಗೆ ಹಿಂದೆ ಭಾರ ಬೇಕು, ಹಿಂದಿನ ಕ್ಯಾನ್ ತುಂಬಿದ್ದರೆ ಅದೇ ಸಹಾಯ ಮಾಡುತ್ತದೆ. "ಮೀನು ಸಿಗದಿದ್ದರೆ?" ಅಂದರು. ಆಗ ಖಾಲಿಯಾದ ಕ್ಯಾನ್‌ಗೆ ಸಮುದ್ರದ ನೀರು ತುಂಬಬೇಡಿ, ಮತ್ತೆ ಎಣ್ಣೆಗೆ ಸೇರಿ ನನ್ನ ಹತ್ತಿರವೇ ಬರುತ್ತೀರಿ. ಒಬ್ಬ ಆಳನ್ನು ಮುಂದೆ ಕಳಿಸಿ, ಅಳಿವೆ ಹತ್ತಿರ ಬಂದಾಗ ಹಿಂದೆ ಕರೆಯಿರಿ.